ಇಪ್ಪತ್ತೆರಡು ಮೆಟ್ಟಿಲು, ಒಂದು ಉಪ್ಪುಮೂಟೆ

ಹೆಂಡತಿ ಜಾರಬಹುದು, ಅಮ್ಮ ಉರುಳಬಹುದು, ಇಬ್ಬರೂ ಸೇರಿ ನನ್ನ ಮೇಲೆ ಬೀಳಬಹುದು, ಅಷ್ಟರಲ್ಲಿ ಡಾಕ್ಟರು ಎದ್ದು ಹೋಗಿ ಅಮ್ಮನ ಕಣ್ಣಿನ ಆಪರೇಷನ್ನೇ ತಪ್ಪಬಹುದು. ಅಜ್ಜಂಪುರದಿಂದ ಬಸ್ಸಲ್ಲಿ ಬಂದು ತರೀಕೆರೆಯ ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ನಿಂತಾಗ ನನ್ನ ತಲೆಯಲ್ಲಿ ಓಡಿದ್ದು ಇದು. ಡಾಕ್ಟರಿದ್ದದ್ದು ಮಹಡಿಯಲ್ಲಿ. ಅಮ್ಮನ ಮಂಡಿ ಮೊದಲ ಮೆಟ್ಟಿಲಿಗೇ ಮುಷ್ಕರ ಹೂಡಿತ್ತು. ‘ನಾನೇ ಹೊತ್ಕೊಂಡು ಹತ್ತುತೀನಿ’ ಅಂದಿದ್ದಳು ಹೆಂಡತಿ.

ನನ್ನವಳು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು. ಅಮ್ಮನನ್ನು ಉಪ್ಪುಮೂಟೆ ಮಾಡಿಕೊಂಡು, ನೆಲಕ್ಕೆ ಕೈಯೂರದೆ ಎದ್ದೇಬಿಟ್ಟಳು! ನಾಲ್ಕು ವರ್ಷದಿಂದ ಬೆಳಗಾದರೆ ಅವಳು ಮಾಡುವ ಯೋಗವನ್ನು ‘ಚಾಪೆ ಸವೆಸೋ ಕೆಲಸ’ ಅಂತ ಆಡಿಕೊಂಡವನು ನಾನು.

“ಮೆಲ್ಲಗೆ ಕಣೇ, ಸೊಂಟ ಉಳುಕೀತು,” ಅಂದರು ಬೆನ್ನ ಮೇಲಿದ್ದ ಅಮ್ಮ.

“ಮಾತಾಡಿಸ್ಬೇಡಿ ಅತ್ತೆ, ಉಸಿರು ತಪ್ಪುತ್ತೆ,” ಅಂದಳು ಇವಳು.

ಇಪ್ಪತ್ತೆರಡು ಮೆಟ್ಟಿಲು. ಒಂದರಲ್ಲೂ ಅವಳ ಕಾಲು ನಡುಗಲಿಲ್ಲ. ಡಾಕ್ಟರಿಗೆ ಕಾಯುತ್ತ ಸಾಲಿನಲ್ಲಿ ಕೂತವರೆಲ್ಲ ಕತ್ತು ತಿರುಗಿಸಿ ನೋಡಿದರು. ಇಪ್ಪತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನು ನಾನೂ ಮೊದಲ ಸಲ ನೋಡುವವನಂತೆ ಬಾಯಿಬಿಟ್ಟುಕೊಂಡು ನೋಡಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಕೆಳಗೇ ಉಳಿದಿದ್ದ ಅಮ್ಮನ ಚಪ್ಪಲಿ ಎತ್ತಿಕೊಳ್ಳೋಣವೆಂದು ಬಗ್ಗಿದೆ ನೋಡಿ, ನನ್ನ ಸೊಂಟ ಹಿಡಿದುಕೊಂಡಿತು.