ಮೊದಲನೆಯ ಮೂಲೆಯ ಕೆಂಪು ತುಂಡು

ಹೋದ ಮಂಗಳವಾರ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ಚೀಲದಿಂದ ಅಂಗೈಯಗಲದ ಹದಿನಾರು ಅರಿವೆ ತುಂಡು ತೆಗೆದು ಪಡಸಾಲೆಯ ನಡುವೆ ಸಾಲಾಗಿ ಜೋಡಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು:

"ಇದರಾಗ ತಪ್ಪು ಎಲ್ಲೈತಿ, ತೋರಸ್ರಿ."

ನಾನು ಕಂಬದ ಹಿಂದೆ ಇದ್ದೆ. (ಮೊಮ್ಮಕ್ಕಳೇ, ನಿಮಗೆ ಗೊತ್ತೇ ಇದೆ. ಹೊಸಬರು ಬಂದರೆ ನನಗೆ ಕಂಬವೇ ಗತಿ.) ಸೊಸೆ ಶಾಂತಾ ಮುಂದೆ ನಿಂತು ಮಾತಾಡುತ್ತಿದ್ದಳು.

"ನಿಮಗ ಯಾರ ಬೇಕಾಗಿತ್ರಿ?"

"ಪೇಪರಿನ್ಯಾಗ ಕೌದಿ ಒಗಟ ಬರಿಯೋ ಅಜ್ಜಿ."

"ಅಂಥಾಕಿ ಇಲ್ಲಿ ಯಾರೂ ಇಲ್ರಿ" ಎಂದಳು ಶಾಂತಾ. ಹಾಗೆ ಹೇಳು ಎಂದು ಕಲಿಸಿಟ್ಟವಳು ನಾನೇ. ಪೇಪರಿನಲ್ಲಿ ನನ್ನ ಹೆಸರು ಬರುವುದಿಲ್ಲ, ಬರೀ 'ಅಜ್ಜಿ' ಎಂದು ಬರುತ್ತದೆ. ಆ ಅಜ್ಜಿ ನಾನೇ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ ತಂಗಿ. ಸೊಲ್ಲಾಪುರ ರಸ್ತಾದಾಗ ನಿಮ್ಮ ಪ್ರೆಸ್ಸಿನ ಬಾಗಲ ಮುಂದಿನ ಪಾವಟಿಗಿ ಮ್ಯಾಲ ಕುಂತ ಅಡ್ರೆಸ್ ಇಸಕೊಂಡೀನಿ. ಓಣಿ ತುಂಬ ಮನಿ ಮನಿ ಕೇಳಕೋತ ಬಂದೀನಿ."

ಓಣಿ ತುಂಬ. ಮನೆ ಮನೆ. ಅಲ್ಲಿಗೆ ನನ್ನ ಎರಡು ವರ್ಷದ ಗುಟ್ಟು ಮುಗಿಯಿತು. ಇನ್ನು ಕಂಬ ಯಾಕೆ? ಈಚೆ ಬಂದೆ.

ಅವಳು ತಿಕೋಟಾದ ಫಾತಿಮಾಬಿ. ಹೆಸರು ಕೇಳಿದ ಕೂಡಲೇ ಗುರುತು ಹತ್ತಿತು. ಆ ಹೆಸರನ್ನು ಪೇಪರಿಗೆ ಕಳಿಸಿಕೊಟ್ಟವಳೂ ನಾನೇ. 'ಈ ಸಲ ತಪ್ಪಿದವರು' ಎಂಬ ಪಟ್ಟಿಯಲ್ಲಿ.

ಪೇಪರಿನ ಈ ಮೂಲೆಯನ್ನು ಇವತ್ತೇ ಮೊದಲು ಓದುವವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾನು ಮಮದಾಪುರದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ಲೆಕ್ಕ ಬಿಟ್ಟರೆ ಬೇರೆ ಯಾವುದಕ್ಕೂ ಶಹಬ್ಬಾಸ್ ಎನ್ನಿಸಿಕೊಂಡದ್ದಿಲ್ಲ. ನಿಮ್ಮ ಅಜ್ಜ ತೀರಿಕೊಂಡ ವರ್ಷ ಮನೆಯ ಹಳೆ ಅರಿವೆಯನ್ನೆಲ್ಲ ಕತ್ತರಿಸಿ ಕೌದಿ ಹೊಲಿಯುತ್ತಾ ಕುಳಿತೆ. ಹೊಲಿಗೆಗಿಂತ ತುಂಡು ಜೋಡಿಸುವುದೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಒಂದು ಸಾಲಿನಲ್ಲಿ ಒಂದೇ ಬಣ್ಣ ಎರಡು ಸಲ ಬರಬಾರದು. ಅಡ್ಡ ನೋಡಿದರೂ ಬರಬಾರದು, ಉದ್ದ ನೋಡಿದರೂ ಬರಬಾರದು. ನಾಲ್ಕಾಗಿ ಮಡಚಿಟ್ಟಾಗ ಮೇಲೆ ಯಾವ ಕಾಲುಭಾಗ ಬಂದರೂ ಅದರಲ್ಲಿ ಎಲ್ಲ ಬಣ್ಣವೂ ಕಾಣಬೇಕು. ಇದು ನಮ್ಮವ್ವ ಹಾಕಿಕೊಟ್ಟ ಕಟ್ಟಳೆ.

ಒಂದು ದಿನ ಕೆಲವು ತುಂಡು ಇಟ್ಟು, ಉಳಿದ ಜಾಗ ಖಾಲಿ ಬಿಟ್ಟು ನಿಮ್ಮನ್ನು ಕರೆದೆ. "ಇನ್ನ ಉಳಿದಿದ್ದ ನೀವ ಇಡ್ರಿ" ಎಂದೆ. ನೀವು ಊಟಕ್ಕೂ ಏಳಲಿಲ್ಲ. ಆಟ ಹುಟ್ಟಿದ್ದು ಹಾಗೆ. ಅದು ಪೇಪರಿಗೆ ಹೋದದ್ದು ನಿಮ್ಮಪ್ಪನ ಕಿತಾಪತಿಯಿಂದ.

ಅಲ್ಲಿಂದೀಚೆಗೆ ನನಗೆ ಹಿಡಿದ ಹುಚ್ಚಿಗೆ ಮದ್ದಿಲ್ಲ. ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ತುಂಡುಗಳೇ. ಬರೀ ಖಾಲಿ ಜಾಗ ತುಂಬು ಎಂದರೆ ಏನು ಮಜಾ? ಅದರಲ್ಲಿ ಒಂದು ಕಿಡಿಗೇಡಿತನ ಬೇಕು. ಒಂದು ವಾರ, ಇಟ್ಟ ತುಂಡುಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ, ಮೊದಲು ಅದನ್ನು ಹಿಡಿಯಿರಿ ಎಂದೆ. ಇನ್ನೊಂದು ವಾರ ಆಡು ಬಂದು ಮೂಲೆಯೊಂದನ್ನು ತಿಂದುಹೋಗಿತ್ತು. ಆಡಿನ ಹೊಟ್ಟೆಯಲ್ಲಿ ಇರುವ ಬಣ್ಣ ಯಾವುದು? (ಆಡಿಗೆ ಹೊಟ್ಟೆನೋವು ಬಂದಿದ್ದರೆ ಏನು ಮದ್ದು ಎಂದು ಬಬಲೇಶ್ವರದ ಒಬ್ಬ ಕಾರ್ಡು ಬರೆದಿದ್ದ. ಅವನಿಗೂ ಒಂದು ಅಂಕ ಕೊಟ್ಟೆ.)

ಈಗ ತಂಟೆಯ ವಿಷಯಕ್ಕೆ ಬರುತ್ತೇನೆ. ಹದಿನೈದು ದಿನದ ಹಿಂದಿನ ಒಗಟು ಇದು. ಒಂದು ಎಂದರೆ ಕೆಂಪು, ಎರಡು ಹಸಿರು, ಮೂರು ಹಳದಿ, ನಾಲ್ಕು ನೀಲಿ. ಗೀಟು ಇರುವಲ್ಲಿ ಖಾಲಿ.

—  ೨  —  ೪
—  ೪  —  —
೨  —  —  ೩
—  —  ೨  —

ಮೊದಲು ಸರಿಯಾಗಿ ಬಿಡಿಸಿದವರಿಗೆ ನಾನೇ ಹೊಲಿದ ಸಣ್ಣ ಕೌದಿ ಇನಾಮು ಎಂದೂ ಬರೆದಿದ್ದೆ. ಕಾರ್ಡುಗಳು ಬಂದವು. ನನ್ನ ಉತ್ತರ ಪಕ್ಕಕ್ಕೆ ಇಟ್ಟುಕೊಂಡು ಒಂದೊಂದನ್ನೇ ಹೋಲಿಸಿದೆ. ಸರಿ, ಸರಿ, ಸರಿ. ತಿಕೋಟಾದ ಕಾರ್ಡಿನಲ್ಲಿ ಮೊದಲನೆಯ ಮೂಲೆಗೇ ಹಳದಿ. ಅದನ್ನು 'ತಪ್ಪು' ಎಂಬ ಕಟ್ಟಿಗೆ ಹಾಕಿದೆ. ಮುಂದೆ ಓದಲೂ ಇಲ್ಲ.

ತಪ್ಪಿದವರ ಹೆಸರು ಹಾಕುವುದು ಸಂಪಾದಕರ ಹೊಸ ಐಡಿಯಾ. ಹೆಸರು ಬಂದರೆ ಮುಂದಿನ ಸಲ ಛಲದಿಂದ ಬಿಡಿಸುತ್ತಾರಂತೆ. ಛಲ ಬಂದದ್ದು ನಿಜ. ಬಸ್ ಹತ್ತಿ ನಮ್ಮ ಪಡಸಾಲೆಗೇ ಬಂದು ನಿಂತಿತ್ತು.

ಕನ್ನಡಕ ಹಾಕಿಕೊಂಡು ನೆಲಕ್ಕೆ ಕುಳಿತೆ. ಅವಳು ಜೋಡಿಸಿದ ತುಂಡುಗಳನ್ನು ಅಡ್ಡ ಸಾಲು ನೋಡಿದೆ. ನಾಲ್ಕೂ ಸರಿ. ಉದ್ದ ನೋಡಿದೆ. ಸರಿ. ಕಾಲುಭಾಗ ನಾಲ್ಕನ್ನೂ ನೋಡಿದೆ. ಅವೂ ಸರಿ. ನಾನು ಪೇಪರಿನಲ್ಲಿ ಕೊಟ್ಟ ಆರು ತುಂಡುಗಳು ಕೊಟ್ಟಲ್ಲೇ ಇದ್ದವು.

ನನ್ನ ಉತ್ತರವೂ ಸರಿ. ಅವಳದೂ ಸರಿ. ಹಾಗೆಂದರೇನು?

"ನೀವ ಮೊದಲನೇ ಮೂಲಿಗೆ ಏನ ಇಟ್ಟೀರಿ?" ಎಂದು ಫಾತಿಮಾಬಿ ಕೇಳಿದಳು.

"ಕೆಂಪ."

"ಯಾಕ?"

"ಯಾಕಂದ್ರ... ಅಲ್ಲಿ ಕೆಂಪ ಇಡೋದ ಅಲ್ಲೇನ?"

"ಹಂಗಂತ ಯಾರ ಹೇಳ್ಯಾರ?"

"ನಮ್ಮವ್ವ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ನಮ್ಮವ್ವ ಹಳದಿ ಅಂದಾಳ್ರಿ. ಹಳದಿ ಇಟ್ಟ ಮ್ಯಾಲನ ಸೂಜಿ ಹಿಡೀಬೇಕ ಅಂತಿದ್ಲು. ನಾ ಅಂತೂ ಹುಟ್ಟಿದಾಗಿಂದ ಹಳದಿನ ಇಟ್ಟೀನಿ."

ಶಾಂತಾ ಒಳಗಿನಿಂದ, "ನಮ್ಮ ತವರಮನ್ಯಾಗ ಏನ ಸಿಗತೈತಿ ಅದನ್ನ ಇಡತಾರ" ಎಂದಳು. ಅವಳನ್ನು ಯಾರು ಕೇಳಿದ್ದರು?

ಆಗ ನನಗೆ ಹೊಳೆಯಿತು. ಮೊದಲು ನಾನು ಈ ಒಗಟಿಗೆ ಏಳು ತುಂಡು ಕೊಟ್ಟಿದ್ದೆ. ಏಳನೆಯದೇ ಆ ಮೂಲೆಯ ಕೆಂಪು. ಒಗಟು ಮಾಡುವವರಿಗೆ ಒಂದು ಚಟ ಇರುತ್ತದೆ. ಒಂದು ತುಂಡು ತೆಗೆದರೂ ನಿಲ್ಲುತ್ತದೆಯೇ? ಇನ್ನೊಂದು ತೆಗೆದರೆ? ತುಂಡು ಕಡಿಮೆ ಆದಷ್ಟೂ ಒಗಟಿಗೆ ಮೆರುಗು. ಪ್ರೆಸ್ಸಿಗೆ ಕಳಿಸುವ ದಿನ ಏಳರ ಮೇಲೆ ಕಣ್ಣು ಬಿತ್ತು. ಮೂಲೆಯ ಕೆಂಪನ್ನು ಯಾಕೆ ಹೇಳಿಕೊಡಬೇಕು? ಕೌದಿ ಕೆಂಪಿನಿಂದ ಶುರುವಾಗುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ತೆಗೆದುಬಿಟ್ಟೆ. ಆರಕ್ಕೆ ಇಳಿಸಿದೆನೆಂದು ನನ್ನಷ್ಟಕ್ಕೆ ನಾನೇ ಹಿಗ್ಗಿದೆ.

ಉಳಿದವರೆಲ್ಲ ಕೆಂಪನ್ನೇ ಇಟ್ಟದ್ದು ಯಾಕೆ? ಅವರು ಮಕ್ಕಳು. ಮೊದಲ ಮನೆಗೆ ಒಂದು ಎಂದು ಬರೆದು ನೋಡಿದ್ದಾರೆ. ಕೂತಿತು. ಪೆನ್ಸಿಲ್ ಕೆಳಗಿಟ್ಟಿದ್ದಾರೆ. ಕೂತ ಮೇಲೆ ಇನ್ನೊಂದು ದಾರಿ ಇದೆಯೇ ಎಂದು ಯಾರು ಹುಡುಕುತ್ತಾರೆ? ನಾನೂ ಹುಡುಕಿರಲಿಲ್ಲ.

"ಇಲ್ನೋಡ್ರಿ" ಎಂದು ಫಾತಿಮಾಬಿ ಬಗ್ಗಿದಳು. ಮೇಲಿನ ಎರಡು ಸಾಲಿನಲ್ಲಿ, ಮೊದಲನೆಯ ಮತ್ತು ಮೂರನೆಯ ಮನೆಯ ನಾಲ್ಕು ತುಂಡುಗಳನ್ನು ಎತ್ತಿದಳು. ಎರಡು ಹಳದಿ, ಎರಡು ಕೆಂಪು. ಹಳದಿ ಇದ್ದಲ್ಲಿ ಕೆಂಪು, ಕೆಂಪು ಇದ್ದಲ್ಲಿ ಹಳದಿ ಇಟ್ಟಳು. ನನ್ನ ಉತ್ತರ ಆಯಿತು. ಮತ್ತೆ ಅದಲು ಬದಲು ಮಾಡಿದಳು. ಅವಳದಾಯಿತು. ಉಳಿದ ಹನ್ನೆರಡು ತುಂಡು ಅಲುಗಲೇ ಇಲ್ಲ.

ಮೊಮ್ಮಕ್ಕಳೇ, ಆ ಕ್ಷಣ ನನಗೆ ನಾಚಿಕೆ ಆಗಬೇಕಾಗಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಆದದ್ದು ಖುಷಿ. ಎರಡು ವರ್ಷದಿಂದ ಒಗಟು ಮಾಡುತ್ತಿದ್ದೇನೆ, ಇಂಥ ನಾಲ್ಕು ಮೂಲೆಯ ಬಾಗಿಲು ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಹೇಳಿಕೊಟ್ಟರೆ ಬಾಗಿಲು ಮುಚ್ಚುತ್ತದೆ. ನಾಲ್ಕನ್ನೂ ಮುಚ್ಚಿಟ್ಟರೆ ಹಾರು ಹೊಡೆದು ತೆರೆಯುತ್ತದೆ. ಹಾಗಾದರೆ ಬೇಕೆಂದೇ ತೆರೆದಿಟ್ಟರೆ? ಎರಡು ಉತ್ತರ ಇದೆ, ಎರಡನ್ನೂ ಹುಡುಕಿ ಎಂದರೆ? ಮೂರು?

"ಮೂರ ಆಗತಾವೇನ?" ಎಂದೆ.

"ಮಾಡಿ ನೋಡೋಣಂತ. ಆ ಹಸರ ಇತ್ತ ಕೊಡ್ರಿ."

ಶಾಂತಾ ತಂದಿಟ್ಟ ಚಹಾ ಆರಿತು. ಮತ್ತೊಮ್ಮೆ ಕಾಸಿ ತಂದಳು. ಅದೂ ಆರಿತು. ಕೌದಿ ಹಾಕುವಾಗ ಎದುರುಬದುರು ಇಬ್ಬರು ಕೂರಬೇಕು, ಒಬ್ಬಳ ಕಣ್ಣು ತಪ್ಪಿದ್ದನ್ನು ಇನ್ನೊಬ್ಬಳು ಹಿಡಿಯಬೇಕು. ನಮ್ಮವ್ವನ ಎದುರಿಗೆ ನಾನು ಕೂರುತ್ತಿದ್ದೆ. ನನ್ನ ಎದುರಿಗೆ ಎಷ್ಟೋ ವರ್ಷದಿಂದ ಗೋಡೆ ಇತ್ತು.

ಕೊನೆಗೆ ನಾನೇ ವಿಷಯ ತೆಗೆದೆ. "ತಂಗಿ, ಆ ಇನಾಮಿನ ಕೌದಿ ಬಬಲೇಶ್ವರದ ಒಬ್ಬ ಹುಡುಗಿಗೆ ಕೊಟ್ಟ ಆಗೇತಿ. ನಿನಗ ಇನ್ನೊಂದ ಹೊಲಕೊಡ್ತೀನಿ."

"ಕೌದಿ ತೊಗೊಂಡ ಏನ ಮಾಡ್ಲಿ? ನನ್ನ ಮನ್ಯಾಗ ಕೌದಿ ಬಿಟ್ರ ಬ್ಯಾರೆ ಏನೂ ಇಲ್ಲ." ಅವಳ ನಗು ಹೋಗಿತ್ತು. "ನನಗ ನನ್ನ ಹೆಸರ ಬೇಕ್ರಿ."

ಆಮೇಲೆ ಹೇಳಿದಳು. ಅವಳು ಊರವರ ಅರಿವೆ ತಂದು ಕೌದಿ ಹಾಕಿಕೊಟ್ಟು ಬದುಕುವವಳು. ಪೇಪರ್ ಬರುವುದು ಅವರ ಓಣಿಯ ಹಿಟ್ಟಿನ ಗಿರಣಿಗೆ. ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿಗೆ ಕೂತವರೆಲ್ಲರ ಮುಂದೆ ಯಾರೋ ಜೋರಾಗಿ ಓದಿದರು: ತಪ್ಪಿದವರು, ಫಾತಿಮಾಬಿ, ತಿಕೋಟಾ.

"ಎಲ್ಲಾರೂ ನಕ್ಕರು. ನಗಲಿ. ಮರುದಿನ ಒಬ್ಬಾಕಿ ಬಂದು ಕೊಟ್ಟಿದ್ದ ಅರಿವಿ ಗಂಟು ವಾಪಸ್ ತೊಗೊಂಡ ಹೋದ್ಲು. ಹಾಳಿ ಮ್ಯಾಲ ಹದಿನಾರ ತುಂಡ ಇಡಾಕ ಬರದಾಕಿ ನನ್ನ ಮಗಳ ಮದವಿ ಕೌದಿ ಹೆಂಗ ಹಾಕ್ಯಾಳು ಅಂದ್ಲಂತ. ಏನಂತ ಹೇಳ್ಲಿ? ಪೇಪರಿನ್ಯಾಗ ಬಂದೈತಿ. ನನ್ನ ಬಾಯಿ ಮಾತ ಯಾರ ಕೇಳತಾರ?"

ನಾನು ಕಾರ್ಡು ಹೋಲಿಸುವಾಗ ಇನ್ನೆರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಮರುದಿನ ಟಾಂಗಾ ಹಿಡಿದು ಪ್ರೆಸ್ಸಿಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. (ಇದುವರೆಗೆ ನನ್ನ ಲಕೋಟೆ ಮಾತ್ರ ಹೋಗುತ್ತಿತ್ತು.) ನಾನು ಯಾರೆಂದು ತಿಳಿದ ಕೂಡಲೇ ಸಂಪಾದಕರು ಗಾಬರಿಯಾಗಿ ಎದ್ದು ಕುರ್ಚಿ ಕೊಟ್ಟರು. ನಾನು ನಿಂತೇ ಹೇಳಿದೆ. ಹಿಂದಿನ ದಿನ ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಗಿ, ಮೂರು ಮಾತಿನಲ್ಲಿ ಮುಗಿಯಿತು.

"ಅಜ್ಜೀ, ಹೋಗಲಿ ಬಿಡ್ರಿ" ಎಂದರು ಅವರು. "ಆಡಿನ ಒಗಟಕ್ಕ ಬೈದ ನಾಕ ಪತ್ರ ಬಂದಾವ. ಈಗ ನಾವ ಎದ್ದ ನಿಂತ ತಪ್ಪ ಮಾಡೀವಿ ಅಂದ್ರ, ಮಾಲಕರು ಈ ಜಾಗಾ ಎಣ್ಣಿ ಜಾಹೀರಾತಿಗೆ ಕೊಡಂತಾರ. ಮೊದಲಿಂದ್ಲೂ ಕೇಳಾಕತ್ತಾರ. ನೀವ ಸುಮ್ಮ ಇದ್ರ ಯಾರಿಗೆ ತಿಳೀತೈತಿ?"

"ಆಕಿಗೆ ತಿಳಿದೈತಲ್ರಿ."

"ಆಕಿ ಒಬ್ಬಾಕಿ."

"ಜಾಗಾ ಎಣ್ಣಿಗೆ ಕೊಡ್ರಿ" ಎಂದೆ. "ಕೊಡೂಕಿಂತ ಮೊದಲ ಒಂದ ವಾರ ನನಗ ಕೊಡ್ರಿ."

ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಕೂಡಲೇ ಚೀಲದಿಂದ ಹದಿನಾರು ತುಂಡು ತೆಗೆದು ಅವರ ಮೇಜಿನ ಮೇಲೆ, ಪ್ರೂಫ್ ಹಾಳೆಗಳ ಮೇಲೆಯೇ, ಜೋಡಿಸಿದೆ. ನಾಲ್ಕನ್ನು ಎತ್ತಿದೆ. ಅದಲು ಬದಲು ಮಾಡಿದೆ.

ಅವರು ಮೇಜಿನ ಮೇಲೆ ಬಗ್ಗಿದರು. "ಇನ್ನೊಮ್ಮೆ ಮಾಡ್ರಿ" ಎಂದರು. ಮಾಡಿದೆ. ಆಮೇಲೆ ಕನ್ನಡಕ ಹಣೆಗೇರಿಸಿ ತಾವೇ ಕೈಹಾಕಿದರು. ಫೋನು ಬಂತು, ಎತ್ತಲಿಲ್ಲ. ಅಕ್ಷರ ಜೋಡಿಸುವ ಕೋಣೆಯಿಂದ ಯಾರೋ ಪ್ರೂಫ್ ಕೇಳಿದರು. "ತಡೀಪಾ, ಹಳದಿ ಸಿಕ್ಕೊಂಡೈತಿ" ಎಂದರು.

ಸ್ವಲ್ಪ ಹೊತ್ತಾದ ಮೇಲೆ ತುಂಡುಗಳನ್ನು ಒಟ್ಟು ಮಾಡಿ ನನ್ನ ಕೈಗೆ ಕೊಟ್ಟರು. "ಬರೀರಿ. ಮಾಲಕರಿಗೆ ನಾ ಹೇಳ್ಕೋತೀನಿ. ಅವರು ಏನಂತಾರೋ ಗೊತ್ತಿಲ್ಲ ಮತ್ತ."

ನನಗೂ ಗೊತ್ತಿಲ್ಲ. ಮುಂದಿನ ವಾರ ಈ ಜಾಗದಲ್ಲಿ ಎಣ್ಣೆಯ ಡಬ್ಬಿ ಕಂಡರೆ ಅಳಬೇಡಿ. ಪಡಸಾಲೆಗೆ ಬನ್ನಿ. ಹದಿನಾರು ತುಂಡಿಗೆ ಪೇಪರ್ ಬೇಕೆಂದು ಎಲ್ಲಿ ಬರೆದಿದೆ?

ಇವತ್ತಿನ ಕೌದಿ ಪಕ್ಕದ ಚೌಕದಲ್ಲಿದೆ. ಉತ್ತರ ಒಂದಲ್ಲ, ಎರಡು. ಎರಡನ್ನೂ ಹುಡುಕಿ. ಕಳಿಸುವ ಮೊದಲು ಅದು ಒಂದು ಸಲ ತಿಕೋಟಾಕ್ಕೆ ಹೋಗಿ ಬಂದಿದೆ. ಮೂರನೆಯ ಉತ್ತರ ಹುಡುಕಿ ನನ್ನನ್ನು ಸಿಕ್ಕಿಸಬೇಕೆಂದು ಫಾತಿಮಾಬಿ ಎರಡು ದಿನ ಹೆಣಗಿ ಸೋತಿದ್ದಾಳೆ. (ಸೋತದ್ದಕ್ಕೆ ಸಿಟ್ಟಿನಿಂದ ಒಂದು ಕಾರ್ಡೂ ಬರೆದಿದ್ದಾಳೆ. ಜೋಪಾನವಾಗಿ ಇಟ್ಟಿದ್ದೇನೆ.) 'ತಪ್ಪಿದವರು' ಪಟ್ಟಿ ಇನ್ನು ಇರುವುದಿಲ್ಲ. ಅದನ್ನು ಸಂಪಾದಕರೇ ತೆಗೆದರು.

ಇನ್ನು ಬರೆಯಬೇಕಾದ ಮಾತು ಒಂದೇ. ಹೋದ ಸಲ ಅವಳ ಹೆಸರು ಯಾವ ಜಾಗದಲ್ಲಿ ಬಂದಿತ್ತೋ ಅದೇ ಜಾಗ, ಅಕ್ಷರ ಮಾತ್ರ ಅದಕ್ಕಿಂತ ದಪ್ಪ:

ತಿಕೋಟಾದ ಫಾತಿಮಾಬಿಯ ಉತ್ತರ ಸರಿ. ತಪ್ಪು ಅಜ್ಜಿಯದು.

ಹಿಟ್ಟಿನ ಗಿರಣಿಯಲ್ಲಿ ಹೋದ ಸಲ ಜೋರಾಗಿ ಓದಿದವರು ಯಾರೋ, ಇದನ್ನೂ ಅಷ್ಟೇ ಜೋರಾಗಿ ಓದುತ್ತೀರಲ್ಲ?