ಬಿಸಿನೀರು ಕಚ್ಚುತ್ತಿದ್ದ ಮಾಮ

ಆಗ ನನಗೆ ಇಪ್ಪತ್ತು. ಅದಾಗಿ ಐವತ್ತು ವರ್ಷ ದಾಟಿತು. 

ನನ್ನ ಗಂಡನ ಅಪ್ಪ, ನನಗೆ ಮಾಮ, ಬೆಟ್ಟದ ಮೇಲಿನ ನಮ್ಮ ಬಡಗರ ಹಟ್ಟಿಯಲ್ಲಿ ಎಮ್ಮೆ ಕರೆಯುವವರು. ಹಾಲು ಕರೆಯುವ ಬಿದಿರಿನ ಪಾತ್ರೆಯನ್ನು ನಮ್ಮಲ್ಲಿ ಹೆಂಗಸರು ಮುಟ್ಟುವಂತಿಲ್ಲ. ಮುಟ್ಟುವ ಗಂಡಸು ಮಿಂದಿರಬೇಕು, ಕುಡುಕನಾಗಿರಬಾರದು. ಆ ವರ್ಷ ಮಾಮನ ಮುಖ ಕೆಂಡದ ಹಾಗೆ ಕೆಂಪಾಯಿತು. ಕಣ್ಣೂ ಕೆಂಪು. ತಲೆ ಸುತ್ತಿ ದೊಡ್ಡಿಯ ಕಂಬ ಹಿಡಿದು ನಿಲ್ಲುವರು. ಸಾರಾಯಿ ಕುಡಿಯುತ್ತಾನೆ ಎಂದಿತು ಹಟ್ಟಿ. ಊರ ಗೌಡ ಅಂಗಳಕ್ಕೆ ಬಂದು, ಬರುವ ಸೋಮವಾರ ಪಾತ್ರೆ ಬೇರೆಯವನಿಗೆ ಎಂದುಬಿಟ್ಟ. ಮಾಮ ಊಟ ಬಿಟ್ಟರು.

ಅವರಿಗೆ ಮೀಯಲು ನೀರು ಕಾಯಿಸುವವಳು ನಾನು. ಬಿಸಿನೀರು ಹುಯ್ದುಕೊಂಡರೆ ಸಾಕು, ಮೈಯೆಲ್ಲ ಕೆರೆದುಕೊಳ್ಳುತ್ತಿದ್ದರು. ಸೌದೆ ಒದ್ದೆಯಾಗಿ ತಣ್ಣೀರಲ್ಲಿ ಮಿಂದ ದಿನ ತುರಿಕೆಯೇ ಇಲ್ಲ. ಇದು ಕುಡಿತವಲ್ಲ, ಏನೋ ರೋಗ ಎಂದು ಹೊಳೆದಾಗ ಕೈಯ ಚೊಂಬು ಬಿಟ್ಟು ಗೌಡನ ಮನೆಗೆ ಓಡಿದೆ.

"ಗೌಡರೇ, ಕುಡಿದವನಿಗೆ ಬಿಸಿನೀರು ಕಚ್ಚುತ್ತದಾ?"

"ಏನ ಹೆಣ್ಣೆ, ನೀ ಕುಡಿದು ಬಂದೆಯಾ?"

"ನಾ ಕುಡಿದಿಲ್ಲೆ. ಆಸ್ಪತ್ರೆಗೆ ನೀವೂ ಬನ್ನಿ. ಅವರು ಕುಡುಕ ಅಂತ ಡಾಕ್ಟರು ಹೇಳಿದರೆ ಪಾತ್ರೆ ನೀವೇ ಒಯ್ಯಿರಿ."

ಗೌಡ ಬಂದ. ದಾರಿಯುದ್ದಕ್ಕೂ ಮಾಮನ ಬಾಯಿ ಮೂಸುತ್ತಲೇ ಬಂದ. ಬರೀ ಹೊಗೆಸೊಪ್ಪಿನ ನಾತ.

ಆಸ್ಪತ್ರೆಯ ಬಿಳಿ ದೊರೆ ಡಾಕ್ಟರು ಎಡಗಡೆ ಪಕ್ಕೆಯ ಕೆಳಗೆ ಒತ್ತಿದರು. ಕಲ್ಲಿನಂಥ ಗಡ್ಡೆ. "ಕೆಳಗೆ ಗೂಡಲೂರು ಕಡೆ ಹೋಗಿ ಚಳಿಜ್ವರ ತಂದಿರಾ? ಅದರಲ್ಲೂ ಇಲ್ಲಿ ಹೀಗೇ ಗಡ್ಡೆಯಾಗುತ್ತದೆ" ಎಂದು ನಮ್ಮ ಬಡಗ ಮಾತಿನಲ್ಲೇ ಮುರುಕಾಗಿ ಕೇಳಿದರು.

"ಬೆಟ್ಟ ಇಳಿದದ್ದೇ ಇಲ್ಲೆ" ಎಂದರು ಮಾಮ.

ಬಿಸಿನೀರಿನ ಮಾತು ನಾನು ನುಗ್ಗಿ ಹೇಳಿದೆ. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು! ಬೆರಳು ಚುಚ್ಚಿ ರಕ್ತವನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಇದೇ ಮೊದಲು ಎಂದರು.

"ಇದು ಕುಡಿತದಿಂದ ಬರುವುದಲ್ಲ, ಅಂಟುವುದೂ ಇಲ್ಲ. ರಕ್ತ ಅಳತೆ ಮೀರಿ ಹುಟ್ಟುತ್ತದೆ. ವಯಸ್ಸಾದವರಿಗೆ ಬರುವುದು ಹೆಚ್ಚು. ಯಾಕೆ ಅಂತ ನಮಗೂ ತಿಳಿಯದು. ಬಿಟ್ಟಿದ್ದರೆ ತಲೆಯೊಳಗೆ ಹೆಪ್ಪುಗಟ್ಟಿ ಬಿದ್ದುಬಿಡುತ್ತಿದ್ದರು."

ಈಗಿನವರು ಇದನ್ನೂ ರಕ್ತದ ಕ್ಯಾನ್ಸರಿಗೆ ಸೇರಿಸುತ್ತಾರೆ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ಆ ಡಾಕ್ಟರು ಆಗಲೇ ಹೇಳಿದ್ದರು.

ತೋಳಿನ ನರ ಚುಚ್ಚಿ ಒಂದು ಬೋಗುಣಿ ರಕ್ತ ಇಳಿಸಿದರು. ಬೆಲ್ಲದ ಪಾಕದಂತೆ ಕಪ್ಪಗೆ, ಮಂದವಾಗಿ ಬಂತು. ಗೌಡ ಗೋಡೆ ಹಿಡಿದು ಕುಳಿತ.

"ಈಗ ಯಾರಿಗೆ ತಲೆ ಸುತ್ತುತ್ತಿದೆ ನೋಡೋ" ಎಂದು ಮಾಮ ನಕ್ಕರು. "ತಲೆ ಹಗುರಾಯ್ತು ಹೆಣ್ಣೆ."

ಅಲ್ಲಿಯೇ ವಿಶ್ರಾಂತಿ ಮಾಡಿಸಿ ಸಂಜೆಗೆ ಕಳಿಸಿದರು. ಹಟ್ಟಿ ಮುಟ್ಟಿದ ಮೇಲೆ ಗೌಡ ಯಾರೂ ಕೇಳದಿದ್ದರೂ ಎಲ್ಲರಿಗೂ ಕೂಗಿ ಹೇಳಿದ: "ಪಾತ್ರೆ ಅವನದೇ!"

ಮರುದಿನ ಬೆಳಗ್ಗೆ ನಾನು ಬಚ್ಚಲ ಒಲೆ ಹಚ್ಚಲಿಲ್ಲ. ತಣ್ಣೀರು ತುಂಬಿಟ್ಟೆ. ಮಾಮ ಬೈಯುತ್ತಲೇ ಮಿಂದು ದೊಡ್ಡಿಗೆ ಹೋದರು. ಹೆಂಗಸರು ದಾಟಬಾರದ ಕಲ್ಲಿನ ಈಚೆ ನಿಂತು, ಬಿದಿರಿನೊಳಗೆ ಹಾಲು ಬೀಳುವ ಸದ್ದು ಕೇಳಿಸಿಕೊಂಡು, ಆಲೂಗಡ್ಡೆ ಅಗೆಯಲು ಹೊರಟೆ.