ಬರಿಗಾಲು ಮೇಸ್ತ್ರಿ ಹೂಂ ಅಂದರೆ

ಹೊಸ ನೆಲದ ಮೇಲೆ ಮೊದಲು ಒಂದು ಕೊಡ ನೀರು, ಆಮೇಲೆ ಬರಿಗಾಲು ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಇದೇ ಕ್ರಮ. ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ಒದ್ದೆ ಕಲ್ಲಿನ ಮೇಲೆ ಹೋಗಿಬಂದು ಅವರು "ಹೂಂ" ಅಂದರೆ ಮುಗಿಯಿತು, ಆ ನೆಲ ಜಾರುವುದಿಲ್ಲ. ಆನೆ ನಡೆದದ್ದೇ ದಾರಿ ಅನ್ನುತ್ತಾರಲ್ಲ, ಹಾಗೆ ಮೇಸ್ತ್ರಿ ನಡೆದದ್ದೇ ಫುಟ್‌ಪಾತು. ಈ ಕೀರ್ತಿಗೆ ಸೊಪ್ಪು ಹಾಕದವರು ಅವರ ಹೆಂಡತಿ ಒಬ್ಬರೇ.

"ಊರಿನ ನೆಲವೆಲ್ಲ ನೋಡ್ತೀರಿ, ನಮ್ಮ ಬಚ್ಚಲಲ್ಲಿ ನಾನು ಗೋಡೆ ಹಿಡ್ಕೊಂಡೇ ನಿಲ್ಬೇಕು. ಸಕ್ಕರೆ ಕಾಯಿಲೆ ಬಂದು ಎರಡು ವರ್ಷ ಆಯ್ತು, ಮಾತ್ರೆ ನುಂಗಿ ಅಂದ್ರೆ ಅದೂ ಇಲ್ಲ."

ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ನಿಂತು ಜನ ನಡೆಯುವುದನ್ನು ನೋಡುವುದು ಮೇಸ್ತ್ರಿಯ ಚಟ. ಯಾರೂ ಕೆಳಗೆ ನೋಡುವುದೇ ಇಲ್ಲ! ಹರಟುತ್ತ, ಜಗಳವಾಡುತ್ತ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಜ್ಜೆ ಹಾಕುತ್ತಾರೆ. ನೆಲ ತಮ್ಮನ್ನು ಬೀಳಿಸುವುದಿಲ್ಲ ಎಂದು ಇಷ್ಟು ಜನಕ್ಕೆ ಯಾರು ಹೇಳಿದರು? ನೆನೆದಾಗಲೆಲ್ಲ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

ಆ ದಿನ ಆಸ್ಪತ್ರೆಯ ಸರದಿ. ಮೂಳೆ ವಿಭಾಗದ ಬಾಗಿಲಿನಿಂದ ಗೇಟಿನವರೆಗೆ ಹೊಸ ಇಳಿಜಾರು ದಾರಿ, ಮರುದಿನವೇ ತೆರೆಯಬೇಕು. ಮೇಸ್ತ್ರಿ ನೀರು ಸುರಿಸಿ, ನಡೆದು, "ಹೂಂ" ಅಂದರು.

ಹೊಸದಾಗಿ ಬಂದಿದ್ದ ಎಂಜಿನಿಯರ್ ಹುಡುಗಿ ಒಂದು ಪೆಟ್ಟಿಗೆ ಬಿಚ್ಚಿದಳು. ಒಳಗಿನ ಯಂತ್ರಕ್ಕೆ ಒಂದು ತೂಗಾಡುವ ತೋಳು, ತೋಳಿನ ತುದಿಗೆ ರಬ್ಬರಿನ ತುಂಡು. ಅದು ಮೇಲಿನಿಂದ ಬಿದ್ದು ಒದ್ದೆ ಕಲ್ಲನ್ನು ಸವರಿಕೊಂಡು ಹೋದರೆ, ನೆಲ ಎಷ್ಟು ಹಿಡಿಯಿತು ಎಂದು ಮುಳ್ಳು ತೋರಿಸುತ್ತದೆ.

"ಇಪ್ಪತ್ತೊಂದು. ಮೂವತ್ತಾರಾದ್ರೂ ಬರ್ಬೇಕು, ಮೇಸ್ತ್ರಿಗಳೇ."

"ಇನ್ನೊಂದ್ಸಲ ನೋಡು, ತಾಯಿ."

ಐದು ಸಲ ನೋಡಿದರೂ ಮುಳ್ಳು ಅಲ್ಲೇ ನಿಂತಿತು. "ನಿನ್ನ ಪೆಟ್ಟಿಗೆಗೆ ನೆಗಡಿ ಆಗಿರ್ಬೇಕು" ಅಂದರು ಮೇಸ್ತ್ರಿ. ಕೆಲಸದವರೆಲ್ಲ ನಕ್ಕರು. ಹುಡುಗಿ ನಗಲಿಲ್ಲ, ನೆಲ ನೋಡುತ್ತಿದ್ದಳು.

"ಮೇಸ್ತ್ರಿಗಳೇ, ನಿಮ್ಮ ಕಾಲು..."

ಒದ್ದೆ ಕಲ್ಲಿನ ಮೇಲೆ, ಅವರು ಹೋಗಿಬಂದ ಉದ್ದಕ್ಕೂ, ಕೆಂಪು ಗುರುತು. ಹಿಮ್ಮಡಿ ಎತ್ತಿ ನೋಡಿದರೆ ಉಗುರುದ್ದದ ಕಲ್ಲಿನ ಚೂರು ಒಳಗೆ ನೆಟ್ಟಿದೆ. ಕಿತ್ತು ತೆಗೆದರು. ಕೀಳುವಾಗಲೂ ನೋವಾಗಲಿಲ್ಲ.

"ಗೀರು ಅಷ್ಟೇ" ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಮೂವತ್ತೊಂದು ವರ್ಷದ ಮಾತಿನ ಮುಂದೆ ನಿನ್ನೆ ಬಂದ ಹುಡುಗಿಯ ಮುಳ್ಳು ಯಾವ ಲೆಕ್ಕ? ಮೇಸ್ತ್ರಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಮೇಲೆ ಅಂಗೈ ಊರಿ ತಳ್ಳಿದರು. ಕೈ ಸರ್ರನೆ ಜಾರಿತು. ಕಲ್ಲಿಗೆ ಬಳಿದ ಹೊಳಪು, ಒದ್ದೆ ಸೋಪಿನ ಹಾಗೆ. ಸಕ್ಕರೆ ಕಾಯಿಲೆಗೆ ಕಾಲು ಸತ್ತು ಎಷ್ಟು ದಿನವಾಯಿತೋ ಅವರಿಗೇ ಗೊತ್ತಿರಲಿಲ್ಲ. ಈ ಪೆಟ್ಟಿಗೆಗೆ ಎಲ್ಲ ಗೊತ್ತು! ಅದರ ಆ ಚೋಟುದ್ದದ ರಬ್ಬರನ್ನು ಅವರು ಬಾಯಿಬಿಟ್ಟುಕೊಂಡು ನೋಡಿದರು.

"ನಿನ್ನ ಮುಳ್ಳೇ ಸರಿ, ತಾಯಿ. ನನ್ನ ಕಾಲಿಗೆ ಏನೂ ತಿಳೀತಿಲ್ಲ. ಈ ಹೊಳಪು ಕಿತ್ತು ಹಾಕ್ಸು, ಕಲ್ಲು ಒರಟಾಗೋ ಹಾಗೆ ಉಳಿಯಲ್ಲಿ ಚುಕ್ಕಿ ಹೊಡಿಸ್ತೀನಿ." ಮತ್ತೆ ಹೇಳಿದರು: "ಇದೊಂದೇ ಅಲ್ಲ. ಎರಡು ವರ್ಷದಿಂದ ನಾನು ಹೂಂ ಅಂದಿದ್ದೆಲ್ಲ ಅಳೀಬೇಕು. ಬರ್ಕೋ. ಮೊದಲು ಶಾಲೆ ಮೆಟ್ಟಿಲು."

ಕೆಲಸದವರು ಮುಖ ಮುಖ ನೋಡಿಕೊಂಡರು. ಹುಡುಗಿ ಬರೆದುಕೊಂಡಳು.

ದಾರಿ ತೆರೆದದ್ದು ನಾಲ್ಕನೆಯ ದಿನ. ಮುಳ್ಳು ನಲವತ್ತೆರಡಕ್ಕೆ ನಿಂತಿತ್ತು. ಮೇಸ್ತ್ರಿ ಮೂಲೆಯಲ್ಲಿ ನಿಂತಿದ್ದರು, ಹೆಂಡತಿ ಆರಿಸಿ ತಂದ ದಪ್ಪ ಬೂಟು ಹಾಕಿಕೊಂಡು. ಕಾಲಿನ ಪಟ್ಟಿ ಆಗಷ್ಟೇ ಬಿಚ್ಚಿಸಿಕೊಂಡ ಹೆಂಗಸೊಬ್ಬಳು ಮಗಳ ತೋಳು ಹಿಡಿದು ಹೊರಗೆ ಬಂದಳು. ಅರ್ಧ ದಾರಿಗೆ ತೋಳು ಬಿಟ್ಟಳು. "ಆಟೋ ಬಂತೇನೆ?" ಎಂದು ಗೇಟಿನತ್ತ ಕತ್ತು ಚಾಚುತ್ತ ನಡೆದೇ ಹೋದಳು. ಒಮ್ಮೆಯೂ ಕೆಳಗೆ ನೋಡಲಿಲ್ಲ.

ಮೇಸ್ತ್ರಿಯ ಕಣ್ಣು ತುಂಬಿತು.

"ಹೋಗೋಣ್ವಾ? ಶಾಲೆಯವರು ಕಾಯ್ತಿದಾರೆ" ಅಂದಳು ಎಂಜಿನಿಯರ್ ಹುಡುಗಿ, ಪೆಟ್ಟಿಗೆ ಹೆಗಲಿಗೇರಿಸಿ.

"ಹೂಂ" ಅಂದು ಮೇಸ್ತ್ರಿ ದಾರಿ ಪಕ್ಕದ ಕಂಬಿ ಹಿಡಿದು ಇಳಿಯತೊಡಗಿದರು. ಆ ಬೆಳಿಗ್ಗೆ ಆ ದಾರಿಯಲ್ಲಿ ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟವರು ಅವರೊಬ್ಬರೇ.